ಸಂಕಲ್ಪವಿಲ್ಲದ ಹಿಂಸೆ

ಜನ್ನನ ‘ಯಶೋಧರಚರಿತೆ’ಯನ್ನು ನಾನು ತರಗತಿಯಲ್ಲಿ ಪಾಠ ಹೇಳುತ್ತ ಬಂದು ಹದಿನೆಂಟು ವರ್ಷಗಳಾದುವು. ಹಿಟ್ಟಿನ ಕೋಳಿಯ ಪ್ರಸಂಗ ಬಂದಾಗ, ಅದುವರೆಗೆ ತೂಕಡಿಸುತ್ತಿದ್ದ ಕೊನೆಯ ಬೆಂಚಿನವರೂ ತಲೆ ಎತ್ತುತ್ತಾರೆ. ಜೀವಂತ ಕೋಳಿಯಲ್ಲ, ಹಿಟ್ಟಿನಲ್ಲಿ ಮಾಡಿದ ಕೋಳಿ. ಅದನ್ನು ದೇವಿಗೆ ಬಲಿಯೆಂದು ಕತ್ತರಿಸಿದ್ದಕ್ಕೆ ಅರಸನೂ ಅವನ ತಾಯಿಯೂ ಮೃಗಪಕ್ಷಿಗಳಾಗಿ ಹುಟ್ಟಿ ಹುಟ್ಟಿ ಸಾಯಬೇಕಾಯಿತು. 1209ರ ಕಾವ್ಯ ಇದು. ಹಿಂಸೆಯ ಬೇರು ಇರುವುದು ಕತ್ತಿಯಲ್ಲಲ್ಲ, ಮನಸ್ಸಿನಲ್ಲಿ ಎಂಬುದು ಅದರ ತಾತ್ಪರ್ಯ. ಇದಕ್ಕೆ ಸಂಕಲ್ಪಹಿಂಸೆ ಎನ್ನುತ್ತಾರೆ ಎಂದು ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬೇಕಾದೀತೆಂದು ಹುಡುಗರು ಬರೆದುಕೊಳ್ಳುತ್ತಾರೆ. ಪಾಠ ಮುಂದೆ ಸಾಗುತ್ತದೆ.

ಈ ವರ್ಷ ಸಾಗಲಿಲ್ಲ. ಕೋಲಾರದ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ಕೊಲ್ಲಬೇಕೆಂಬ ಸಂಕಲ್ಪ ಇದ್ದು ಜೀವ ಹೋಗದಿದ್ದರೂ ಪಾಪ ಅಂದಿರಿ. ಜೀವ ಹೋಗುತ್ತೆ, ಸಂಕಲ್ಪವೇ ಇಲ್ಲ. ಆಗೇನು ಸಾರ್?” ಎಂದ. ತಿಳಿಯದೆ ಇರುವೆ ತುಳಿದರೆ ಏನು ಎಂಬಂಥ ಹಳೆಯ ಕುಚೋದ್ಯವಿರಬೇಕೆಂದು ನಾನು ನಕ್ಕೆ. ಅವನು ನಗಲಿಲ್ಲ. “ನಮ್ಮಪ್ಪ ಕಲ್ಲು ಹೊಡೆಯೋರು ಸಾರ್. ನಮ್ಮ ಕಡೆ ಒಂದು ಗವಿ ಇದೆ, ಬಾವಲಿ ಗವಿ. ಆ ಬಾವಲಿ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲವಂತೆ. ಅದಕ್ಕೇ ಅಲ್ಲಿ ಕಲ್ಲು ಹೊಡೀಬಾರದು ಅಂತಾರೆ. ನಮ್ಮಪ್ಪ ಒಂದು ಬಾವಲೀನೂ ಕೊಂದಿಲ್ಲ” ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಧ್ಯಾಪಕರನ್ನು ಕಾಪಾಡಲೆಂದೇ ಗಂಟೆಯನ್ನು ಕಂಡುಹಿಡಿದಿರಬೇಕು.

ಹುಡುಗ ಹೇಳಿದ ಬಾವಲಿಯ ಸಂಗತಿ ನನಗೆ ಗೊತ್ತಿರಲಿಲ್ಲ. ವಿಚಾರಿಸಿದೆ, ಓದಿದೆ. ನನ್ನಂತೆಯೇ ತಿಳಿಯದವರಿದ್ದಾರೆಂಬ ನಂಬಿಕೆಯಿಂದ ಇಲ್ಲಿ ಸ್ವಲ್ಪ ಹೇಳುತ್ತೇನೆ.

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಳಿ, ಕಲ್ಲುಗುಡ್ಡದಲ್ಲಿ, ನೆಲದೊಳಕ್ಕೆ ಇಳಿಯುವ ಗವಿಗಳಿವೆ. ಅಲ್ಲಿಯ ಒಂದು ಬಗೆಯ ಬಾವಲಿ ಬೇರೆಯೇ ಜಾತಿಯದೆಂದು 1994ರಲ್ಲಿ ಡೀಟರ್ ಕಾಕ್ ಎಂಬ ಜರ್ಮನ್ ವಿಜ್ಞಾನಿಯೂ ನಮ್ಮವರೇ ಆದ ಎಚ್. ಆರ್. ಭಟ್ಟರೂ ಕೂಡಿ ವಿವರಿಸಿದರು. ಅದರ ಶಾಸ್ತ್ರೀಯ ನಾಮ ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್. ಎರಡನೆಯ ಮಾತಿಗೆ ಗ್ರೀಕ್ ಮೂಲದಲ್ಲಿ ‘ಎಲೆಯ ಕೆಳಗೆ’ ಎಂಬಂಥ ಅರ್ಥ ಬರುತ್ತದೆ. ಇದರ ಮೂಗಿನ ಸುತ್ತ ಎಲೆಯ ಹಾಗೆ ಮಡಿಕೆ ಮಡಿಕೆಯಾದ ಚರ್ಮವಿದೆ; ಹೀಗಾಗಿ ಕೋಲಾರದ ಎಲೆಮೂಗಿನ ಬಾವಲಿ ಎಂದು ಕರೆಯುತ್ತಾರೆ. ಹತ್ತು ಗ್ರಾಮೂ ತೂಗದ ಪ್ರಾಣಿ. ಹಿಂದೆ ಎರಡು ಗವಿಗಳಲ್ಲಿ ಇದು ಕಂಡಿತ್ತು. ಇನ್ನೊಂದು ಗವಿ ಇದ್ದದ್ದು ತೇರಹಳ್ಳಿಯಲ್ಲಿ. ಆಮೇಲೆ ಹುಡುಕಿಕೊಂಡು ಹೋದವರಿಗೆ ಆ ಗವಿಯಲ್ಲಿ ಸಿಕ್ಕಲಿಲ್ಲ. ಪ್ರಪಂಚದ ಅಳಿವಂಚಿನ ಜೀವಿಗಳ ಕೆಂಪುಪಟ್ಟಿಯ 2016ರ ನಿರ್ಣಯದ ಪ್ರಕಾರ, ಉಳಿದಿರುವುದು ಹನುಮನಹಳ್ಳಿಯ ಒಂದೇ ಗವಿ, ಅದರಲ್ಲಿ ಇನ್ನೂರಕ್ಕಿಂತ ಕಡಿಮೆ ಬಾವಲಿಗಳು. ನಮ್ಮ ಕಾಲೇಜಿನ ಪ್ರಥಮ ವರ್ಷದ ಹಾಜರಿಪುಸ್ತಕದಲ್ಲಿ ಇದಕ್ಕಿಂತ ಹೆಚ್ಚು ಹೆಸರುಗಳಿವೆ.

ನಾನು ಕನ್ನಡ ಮೇಷ್ಟ್ರು. ಹೆಸರಿನ ವಿಚಾರ ಬಂದಾಗ ಸುಮ್ಮನೆ ದಾಟಿಹೋಗಲಾರೆ. ಬಾವಲಿ, ತೊಗಲುಬಾವಲಿ, ಕಣ್ಣಕಪ್ಪಡಿ ಎಂದೆಲ್ಲ ನಮ್ಮಲ್ಲಿ ಮಾತುಗಳಿವೆ. ಆದರೆ ಈ ಒಂದು ಬಗೆಗೆ ಮಾತ್ರ ಸಲ್ಲುವ ಹೆಸರನ್ನು ಆ ಹುಡುಗನ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅದೇ ಗವಿಗಳಲ್ಲಿ ಬೇರೆ ಬಾವಲಿಗಳೂ ಇವೆ. ಸಂಜೆ ಹಾರಿಹೋಗುವ ಕರಿಯ ಚುಕ್ಕಿಗಳಲ್ಲಿ ಯಾವುದು ಯಾವುದೆಂದು ಹೇಳಲು ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಕೋಲಾರ ಎಂಬ ಊರಿನ ಹೆಸರನ್ನು ಹೊತ್ತು ಪ್ರಪಂಚದ ಪುಸ್ತಕಗಳಲ್ಲಿ ಸೇರಿರುವ ಪ್ರಾಣಿ, ಕೋಲಾರದಲ್ಲಿ ಬರಿಯ ಬಾವಲಿ.

ಯಂತ್ರ ಬೇಕೆಂದೆನಲ್ಲ, ಅದರ ಕಥೆ ಸ್ವಾರಸ್ಯವಾಗಿದೆ. ಕಣ್ಣು ಕಾಣದಂತೆ ಮಾಡಿದರೂ ಬಾವಲಿಗಳು ಕತ್ತಲಲ್ಲಿ ಸರಾಗವಾಗಿ ಹಾರಾಡುತ್ತವೆಂದು ಇಟಲಿಯ ಸ್ಪಲಾಂಜಾನಿ 1793ರ ಸುಮಾರಿಗೆ ಕಂಡುಕೊಂಡ. ಜಿನೀವಾದ ಜೂರೀನ್ ಎಂಬಾತ ಕಿವಿ ಮುಚ್ಚಿ ನೋಡಿದ. ಆಗ ಅವು ಡಿಕ್ಕಿ ಹೊಡೆದು ಬಿದ್ದುವು. ‘ಕಿವಿಯಿಂದ ನೋಡುವುದೆ?’ ಎಂದು ಆ ಕಾಲದ ಪಂಡಿತರು ನಕ್ಕರು. ನಕ್ಕವರ ತಪ್ಪೂ ಅಲ್ಲ. ಬಾವಲಿಯ ಕೂಗು ಅವರ ಕಿವಿಗೆ ಬೀಳುವಂತಿರಲಿಲ್ಲ. ನೂರೈವತ್ತು ವರ್ಷ ಹೀಗೆ ಕಳೆದು, 1940ರ ಆಸುಪಾಸಿನಲ್ಲಿ ಡೊನಾಲ್ಡ್ ಗ್ರಿಫಿನ್ ಮತ್ತು ಅವನ ಸಂಗಡಿಗರು ಆ ಕೂಗನ್ನು ಯಂತ್ರದಲ್ಲಿ ಹಿಡಿದು ತೋರಿಸಿದರು. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳೀತು, ಅದೂ ಎಳೆಯ ವಯಸ್ಸಿನಲ್ಲಿ. ಕೋಲಾರದ ಬಾವಲಿಯ ಕೂಗು ಒಂದು ಲಕ್ಷದ ಆಚೀಚೆ ಇರುತ್ತದೆ. ಅದು ಬಾಯಿಂದ ಕೂಗುವುದಿಲ್ಲ, ಮೂಗಿನಿಂದ. ಆ ವಿಕಾರವಾದ ಎಲೆ ಶಬ್ದವನ್ನು ಒಂದು ದಿಕ್ಕಿಗೆ ತಿರುಗಿಸುವ ಸಾಧನ. ಹೋಗಿ ತಗುಲಿ ಮರಳಿದ ಸದ್ದಿನಿಂದ ಎದುರಿಗಿರುವುದು ಬಂಡೆಯೋ ಹುಳುವೋ ಎಂದು ತಿಳಿದುಕೊಳ್ಳುತ್ತದೆ. ಅಂದರೆ, ನಾವು ನಿಶ್ಶಬ್ದ ಎಂದುಕೊಂಡು ಗುಡ್ಡದ ಮೇಲೆ ಕುಳಿತು ಆನಂದಿಸುವ ಸಂಜೆ ನಿಜವಾಗಿ ಕಿರಿಚಾಟದ ಸಂತೆ.

ಗವಿಯ ವಿಷಯ. ಬಾವಲಿ ಗವಿಯಲ್ಲಿ ಇರುತ್ತದೆ ಎಂದರೆ ನಮಗೆ ಪಾಳುಮನೆ ಹೊಕ್ಕ ಬೆಕ್ಕಿನಂತೆ ತೋರುತ್ತದೆ. ಇಲ್ಲಿಂದ ಓಡಿಸಿದರೆ ಇನ್ನೊಂದು ಕಡೆ ಸೇರಿಕೊಂಡೀತು ಎನ್ನಿಸುತ್ತದೆ. ಹಾಗಲ್ಲ. ಹೊರಗೆ ಬೇಸಗೆಯ ಬಿಸಿಲಿಗೆ ಬಂಡೆ ಕಾದ ಕಾವಲಿಯಾಗಿದ್ದರೂ ಗವಿಯ ಒಳಗಿನ ಶಾಖ ಅಷ್ಟಾಗಿ ಏರುವುದಿಲ್ಲ, ಇಳಿಯುವುದೂ ಇಲ್ಲ. ತೇವ ಒಂದೇ ಸಮ ಇರುತ್ತದೆ. ತೆಳುವಾದ ರೆಕ್ಕೆಯ ತೊಗಲಿನಿಂದ ಮೈಯ ನೀರೆಲ್ಲ ಆರಿಹೋಗುವ ಪುಟ್ಟ ಪ್ರಾಣಿಗೆ ಇದು ಪ್ರಾಣದ ಪ್ರಶ್ನೆ. ಇಂಥ ಬಾವಲಿಗಳಲ್ಲಿ ತಾಯಿ ಹೆರುವುದು ಒಂದು ಸಲಕ್ಕೆ ಒಂದೇ ಮರಿ. ಇಲಿಯಂತೆ ಹತ್ತಾರು ಹೆತ್ತು ನಷ್ಟ ತುಂಬಿಕೊಳ್ಳುವ ದಾರಿ ಅದಕ್ಕಿಲ್ಲ. ಪಕ್ಕದ ಬಂಡೆಗೆ ಮದ್ದಿಟ್ಟರೆ ಗವಿ ಕುಸಿಯಲೇಬೇಕೆಂದಿಲ್ಲ. ನಡುಕ, ಧೂಳು, ಹೊಗೆ, ಒಳಗೆ ಹೊಕ್ಕವರ ಬೆಳಕು ಇವಿಷ್ಟೇ ಸಾಕು. ಮರಿ ಬೀಳುತ್ತದೆ, ತಾಯಿ ಹೋಗುತ್ತದೆ, ಒಂದು ವರ್ಷ ಗವಿ ಬರಿದಾಗಿರುತ್ತದೆ. ಯಾರೂ ಕೊಂದಿರುವುದಿಲ್ಲ.

ಕಲ್ಲಿನ ಸೀಮೆಗೆ ಬಂದ ಗ್ರಹಚಾರ ಇದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಬಾರಾಪೇಡೆ ಎಂಬ ಗವಿಯಿದೆ. ಅಲ್ಲಿಯ ಬಾವಲಿಯೊಂದಕ್ಕೆ 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬಾತ ರಾಟನ್ ಎಂಬ ತನ್ನವರೊಬ್ಬರ ಹೆಸರಿಟ್ಟ. ಬಹುಕಾಲ ಅದಕ್ಕೂ ಪ್ರಪಂಚದಲ್ಲಿ ಅದೊಂದೇ ಮನೆ ಎಂದು ನಂಬಿದ್ದರು. ಬಹಳ ವರ್ಷಗಳ ಮೇಲೆ ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಕಂಡಿತು. ಅದು ಪುಣ್ಯವಂತ ಬಾವಲಿ. ಸುತ್ತ ಕಾಡಿತ್ತು, 2011ರಲ್ಲಿ ಆ ಕಾಡು ಭೀಮಗಡ ಅಭಯಾರಣ್ಯವಾಯಿತು. ಹುಲಿಗೆಂದು ಹಿಡಿದ ಕೊಡೆಯ ನೆರಳು ಬಾವಲಿಗೂ ಸಿಕ್ಕಿತು. ಕೋಲಾರದಲ್ಲಿ ಹುಲಿಯೆಲ್ಲಿ? ಇರುವುದು ಕುರುಚಲು, ಬಂಡೆ. ಬಂಡೆ ಎಂದರೆ ದುಡ್ಡು. 2019ರ ಹೊತ್ತಿಗೆ ಅರಣ್ಯ ಇಲಾಖೆ, ಬಾವಲಿಗಳ ರಕ್ಷಣೆಗೆಂದು ದುಡಿಯುವವರ ಒತ್ತಾಯದ ಮೇಲೆ, ಗವಿಗಳ ಸುತ್ತಲಿನ ಸುಮಾರು 30 ಎಕರೆಯನ್ನು ಸಂರಕ್ಷಿತವೆಂದು ಗೊತ್ತುಮಾಡಿತು. ಒಂದು ಜೀವಜಾತಿಯ ಸಮಸ್ತ ಪ್ರಪಂಚಕ್ಕೆ ಮೂವತ್ತು ಎಕರೆ. ನಮ್ಮ ನಗರಗಳ ಹೊರವಲಯದಲ್ಲಿ ಒಂದು ಬಡಾವಣೆ ಇದಕ್ಕಿಂತ ದೊಡ್ಡದಿರುತ್ತದೆ.

ಬಾವಲಿ ಎಂದರೆ ಜನಕ್ಕೆ ಅಕ್ಕರೆಯಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮನೆಯೊಳಗೆ ಬಂದರೆ ಅಪಶಕುನ. 1972ರ ವನ್ಯಜೀವಿ ಕಾಯಿದೆಯೇ ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿಗಳ ಜೊತೆಗೆ ಉಪದ್ರವದ ಪ್ರಾಣಿಗಳ ಪಟ್ಟಿಯಲ್ಲಿ ಕೂರಿಸಿತ್ತು; 2022ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಯಿತು. 2018ರಲ್ಲಿ ಕೇರಳದಲ್ಲಿ ನಿಪಾ ಜ್ವರ ಬಂದಾಗ, ಮತ್ತೆ 2020ರ ಮಹಾಮಾರಿಯ ಕಾಲದಲ್ಲಿ, ಬಾವಲಿಯ ಮೇಲಿನ ಭಯ ಇಮ್ಮಡಿಯಾಯಿತು. ನಿಪಾ ರೋಗಾಣುವಿನ ಆಶ್ರಯ ದೊಡ್ಡ ಹಣ್ಣುಬಾವಲಿಗಳಲ್ಲಿ ಎಂಬುದು ನಿಜ. ಆದರೆ ಅವು ಮರದಲ್ಲಿ ತೂಗುವ ಬೇರೆ ಜಾತಿ. ನಮ್ಮ ಕಥಾನಾಯಕ ಗವಿಯಲ್ಲಿರುವ, ಹುಳು ತಿನ್ನುವ ಬಡಪಾಯಿ.

ಅಂತೂ, ಹುಡುಗನಿಗೆ ಉತ್ತರ ಹೇಳಬೇಕಲ್ಲ.

ಮೊದಲು ಸಿಕ್ಕ ಉತ್ತರ, ಎಲ್ಲರೂ ಹೇಳುವಂಥದು: ಬಾವಲಿ ಉಪಕಾರಿ. ಅದು ಸೊಳ್ಳೆ ತಿನ್ನುತ್ತದೆ, ಪೈರಿನ ಹುಳು ತಿನ್ನುತ್ತದೆ, ರೈತನ ಗೆಳೆಯ. ಒಟ್ಟು ಬಾವಲಿಕುಲದ ವಿಷಯದಲ್ಲಿ ಇದು ಸತ್ಯವಾದ ಮಾತು. ಸಾವಿರಾರು, ಲಕ್ಷಾಂತರ ಬಾವಲಿಗಳು ಒಂದು ಸೀಮೆಯ ಕೀಟಗಳ ಲೆಕ್ಕವನ್ನೇ ಬದಲಿಸಬಲ್ಲವು. ಆದರೆ ಇನ್ನೂರಕ್ಕೆ ಕಡಿಮೆ ಬಾವಲಿಗಳು, ತಲಾ ಹತ್ತು ಗ್ರಾಮಿಗೆ ಕಡಿಮೆ ತೂಕ! ಎಲ್ಲವನ್ನೂ ತಕ್ಕಡಿಗೆ ಹಾಕಿದರೆ ಎರಡು ಕಿಲೋ ತೂಗುವುದಿಲ್ಲ. ಇವು ತಿನ್ನುವ ಹುಳುಗಳಿಂದ ಕೋಲಾರದ ಟೊಮೇಟೊ ಉಳಿಯುತ್ತದೆಂದು ಕಲ್ಲು ಹೊಡೆಯುವವನ ಮಗನಿಗೆ ನಾನು ಹೇಳಿದರೆ ಅವನು ನನ್ನನ್ನು ಗೌರವಿಸುವುದನ್ನು ಬಿಟ್ಟಾನು. ಉಪಯೋಗದ ವಾದದಲ್ಲಿ ಇನ್ನೊಂದು ಅಪಾಯವಿದೆ. ಇಂದು ಉಪಯೋಗಕ್ಕಾಗಿ ಉಳಿಸಿದವರು ನಾಳೆ ಅದಕ್ಕಿಂತ ಅಗ್ಗವಾದ ಔಷಧ ಬಂದರೆ ಏನು ಮಾಡುತ್ತಾರೆ? ಮುದಿ ಹಸುವಿನ ವಿಷಯದಲ್ಲೂ ಮುದಿ ತಂದೆಯ ವಿಷಯದಲ್ಲೂ ಈ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂಬುದನ್ನು ವಿಸ್ತರಿಸುವುದು ಬೇಡ.

ಹಾಗಾದರೆ ದಯೆಯೆ? ತನ್ನಂತೆ ಪರರ ಬಗೆಯುವುದು ನಮ್ಮಲ್ಲಿ ಎಲ್ಲ ನೀತಿಗೂ ತಳಪಾಯ. ಆದರೆ ತನ್ನಂತೆ ಎಂದು ಬಗೆಯುವುದಕ್ಕೆ ಎಲ್ಲಾದರೂ ಒಂದು ಹೋಲಿಕೆ ಬೇಕು. ಕರುವಿನ ಕಣ್ಣಲ್ಲಿ ನೀರು ಕಂಡರೆ ನಮ್ಮ ಮಕ್ಕಳ ನೆನಪಾಗುತ್ತದೆ. ಬಾವಲಿಯ ಮುಖದಲ್ಲಿ ನಮಗೆ ಯಾರ ನೆನಪೂ ಆಗುವುದಿಲ್ಲ. ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನೇಗೆಲ್ 1974ರಲ್ಲಿ ಒಂದು ಪ್ರಬಂಧ ಬರೆದ. ಬಾವಲಿಯಾಗಿರುವುದೆಂದರೆ ಬಾವಲಿಗೆ ಹೇಗಿರುತ್ತದೆ ಎಂಬುದೇ ಅದರ ಪ್ರಶ್ನೆ. ಅದರ ಮೆದುಳನ್ನೂ ಕಿವಿಯನ್ನೂ ಎಷ್ಟೇ ಬಿಚ್ಚಿ ನೋಡಿದರೂ, ಪ್ರತಿಧ್ವನಿಯಲ್ಲಿ ಲೋಕವನ್ನು ಕಾಣುವ ಆ ಅನುಭವದ ಒಳಭಾಗ ನಮಗೆ ದಕ್ಕುವುದಿಲ್ಲ ಎಂಬುದು ಅವನ ವಾದ. ನಾನು ತಲೆಕೆಳಗಾಗಿ ತೂಗಿಕೊಂಡರೆ ನನಗೆ ತಿಳಿಯುವುದು ತಲೆಕೆಳಗಾದ ಕನ್ನಡ ಮೇಷ್ಟ್ರ ಅನುಭವವೇ ಹೊರತು ಬಾವಲಿಯದಲ್ಲ. ಆದರೂ ಅವನ ಪ್ರಶ್ನೆ ಒಂದನ್ನು ಒಪ್ಪಿಕೊಂಡೇ ಹೊರಡುತ್ತದೆ: ಹೇಗಿರುತ್ತದೆಂದು ನಮಗೆ ತಿಳಿಯದಿದ್ದರೂ, ಅದಕ್ಕೆ ಹೇಗೋ ಇರುತ್ತದೆ. ಬಂಡೆಗೆ ಹಾಗಿಲ್ಲ.

ಇಷ್ಟಾದರೂ ತೊಡಕು ಬಿಡಲಿಲ್ಲ. ಬಂಡೆಗಿಲ್ಲದ್ದು ಬಾವಲಿಗಿದೆ, ಸರಿ; ಆದರೆ ಅದು ಕೋಳಿಗೂ ಇದೆ. ಬಾಡೂಟದ ಕೋಳಿಯ ಬಗ್ಗೆ ಯಾರೂ ಮೂವತ್ತು ಎಕರೆ ಬೇಲಿ ಹಾಕುವುದಿಲ್ಲ. ಜೈನದೃಷ್ಟಿಗೆ ಎಲ್ಲ ಜೀವವೂ ಜೀವವೇ. ಈ ಬಾವಲಿಯ ಜೀವ ಊರ ದೇವಸ್ಥಾನದ ಗೋಪುರದಲ್ಲಿ ನೇತಾಡುವ ಸಾಮಾನ್ಯ ಬಾವಲಿಯ ಜೀವಕ್ಕಿಂತ ಹೆಚ್ಚಿನದೇನಲ್ಲ. ತನ್ನ ಜಾತಿಯಲ್ಲಿ ತಾನು ಕೊನೆಯ ನೂರರಲ್ಲಿ ಒಂದು ಎಂಬುದು ಅದಕ್ಕೇನು ಗೊತ್ತು? ಗೊತ್ತಿರುವುದು ನಮಗೆ. ಹಾಗಾದರೆ ವಿಶೇಷವಾಗಿ ಇದನ್ನೇ ಉಳಿಸಬೇಕೆಂಬ ಹಂಬಲಕ್ಕೆ ಆಧಾರವೇನು?

ಈ ಜಾಗದಲ್ಲಿ ನನ್ನ ಕಸುಬು ನನಗೆ ನೆರವಾಯಿತು. ಅಸಗನೆಂಬ ಕವಿ ಕನ್ನಡದಲ್ಲಿ ಕುಮಾರಸಂಭವ ಬರೆದಿದ್ದನೆಂದು ಕೇಳಿದ್ದೇವೆ, ಕಾವ್ಯ ಇಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ ಇಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ವೂ ‘ಹರಿವಂಶ’ವೂ ಇಡಿಯಾಗಿ ದೊರೆತಿಲ್ಲ. ಯಾರೂ ಅವನ್ನು ಹಗೆಯಿಂದ ಸುಟ್ಟರೆಂದು ಕೇಳಿಲ್ಲ. ಗೆದ್ದಲು ತಿಂದಿರಬೇಕು, ಮಾಡು ಸೋರಿರಬೇಕು, ಯಾರೋ ಸೊಸೆ ಅಟ್ಟ ಗುಡಿಸುವಾಗ ಹಳೆಯ ಗರಿಯ ಕಟ್ಟೆಂದು ಒಲೆಗೆ ಹಾಕಿರಬೇಕು. ನೂರು ಪ್ರತಿಗಳಿರುವ ಗ್ರಂಥದ ಒಂದು ಪ್ರತಿ ಹೋದರೆ ಹೋದದ್ದು ಓಲೆ. ಒಂದೇ ಪ್ರತಿ ಇದ್ದದ್ದು ಹೋದರೆ ಹೋದದ್ದು ಕಾವ್ಯ. ಎರಡು ಕಡೆಯೂ ಉರಿದ ಗರಿಗಳ ತೂಕ ಒಂದೇ. ನಷ್ಟ ಬೇರೆ ತರದ್ದು. ತೇರಹಳ್ಳಿಯ ಪ್ರತಿ ಹೋಗಿದೆ. ಉಳಿದಿರುವುದು ಹನುಮನಹಳ್ಳಿಯ ಪ್ರತಿ. ಅದನ್ನು ಬರೆಯಲು ಹಿಡಿದ ಕಾಲವನ್ನು ವರ್ಷದಲ್ಲಿ ಎಣಿಸಿ ಪ್ರಯೋಜನವಿಲ್ಲ, ಇನ್ನೊಮ್ಮೆ ಬರೆಯಿಸುವ ಕವಿಯೂ ಇಲ್ಲ. ಆ ಕಾವ್ಯ ನಮಗೆ ಓದಲು ಬಾರದ ಲಿಪಿಯಲ್ಲಿದೆ ಎಂಬುದು ಒಲೆಗೆ ಹಾಕಲು ಕಾರಣವಾಗಲಾರದು.

ಇನ್ನು ಸಂಕಲ್ಪದ ಮಾತು. ಜನ್ನನನ್ನಷ್ಟೇ ಹಿಡಿದರೆ ಕಲ್ಲು ಹೊಡೆಯುವವನು ನಿರಪರಾಧಿ, ಕಲ್ಲುಕ್ವಾರಿಯ ಧಣಿಯೂ ನಿರಪರಾಧಿ. ಅವರ ಮನಸ್ಸಿನಲ್ಲಿ ಬಾವಲಿಯೇ ಇಲ್ಲ. ಆದರೆ ಜನ್ನನ ಹಿಂದೆ ನಿಂತಿರುವ ಶಾಸ್ತ್ರ ಅಷ್ಟಕ್ಕೇ ನಿಂತಿಲ್ಲ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಗೆ ಲಕ್ಷಣ ಹೇಳುವಾಗ ಹಗೆಯ ಮಾತೆತ್ತುವುದಿಲ್ಲ; ಪ್ರಮಾದದಿಂದ ಪ್ರಾಣವನ್ನು ಕಳೆಯುವುದೇ ಹಿಂಸೆ ಎನ್ನುತ್ತದೆ. ಪ್ರಮಾದ ಎಂದರೆ ಎಚ್ಚರಗೇಡಿತನ. ಕೊಲ್ಲಬೇಕೆಂಬ ಆಸೆಯಲ್ಲ, ನೋಡಬೇಕಾದ್ದನ್ನು ನೋಡದೆ ಇರುವುದು. ಹದಿನೆಂಟು ವರ್ಷ ಈ ಮಾತನ್ನು ಓದಿಯೂ ನಾನು ಇದನ್ನು ನೆಲ ಗುಡಿಸಿ ಹೆಜ್ಜೆಯಿಡುವ ಮುನಿಗಳ ಪಾಲಿಗೆ ಬಿಟ್ಟಿದ್ದೆ.

ಈಗ ಕೇಳುತ್ತೇನೆ, ಎಚ್ಚರ ತಪ್ಪಿದವನು ಯಾರು? ದಿನಗೂಲಿಗೆ ಸಮ್ಮಟಿಗೆ ಎತ್ತುವವನಿಗೆ ಎಲ್ಲಿ ಹೊಡೆಯಬೇಕೆಂಬ ಆಯ್ಕೆ ಇಲ್ಲ. ನನ್ನ ಮನೆ ಕಟ್ಟುವಾಗ ಅಡಿಪಾಯಕ್ಕೆ ಎಷ್ಟು ಲೋಡು ಸೈಜುಗಲ್ಲು, ತಾರಸಿಗೆ ಎಷ್ಟು ಜಲ್ಲಿ ಎಂದು ನಾನು ಪೈಸೆ ಪೈಸೆ ಲೆಕ್ಕ ಇಟ್ಟಿದ್ದೇನೆ. ಆ ಪುಸ್ತಕ ಇನ್ನೂ ಇದೆ. ಅಡುಗೆಮನೆಯ ಕಟ್ಟೆಗೆ ನುಣುಪಾದ ಕರಿಯ ಕಲ್ಲು. ಮನೆಯಾಕೆ ಅದರ ಮೇಲೆ ಚಪಾತಿ ಲಟ್ಟಿಸುವಾಗ ಅದು ಕನ್ನಡಿಯ ಹಾಗೆ ಹೊಳೆಯುತ್ತದೆ. ಬೆಲೆ ಕೇಳಿದೆ, ಚೌಕಾಸಿ ಮಾಡಿದೆ, ಬಣ್ಣ ಒಪ್ಪಿಸಿದೆ. ಯಾವ ಗುಡ್ಡದ್ದು ಎಂದು ಕೇಳಲಿಲ್ಲ. ವಾಚಕ ಮಹಾಶಯರಲ್ಲಿ ಕೇಳಿದವರಿದ್ದರೆ ಅವರಿಗೆ ನನ್ನ ನಮಸ್ಕಾರ. ಬಾವಲಿಯನ್ನು ಉಳಿಸಿ ಎಂದು ಸಹಿ ಹಾಕುವವರು ನಾವು. ಗುಡ್ಡವನ್ನು ಕೊಳ್ಳುವವರೂ ನಾವೇ. ಕೆಲಸ ಕಳೆದುಕೊಳ್ಳುವವನು ಮಾತ್ರ ಬೇರೆ. ಕೋಲಾರದವರಿಗೆ ಇದು ಹೊಸದಲ್ಲ. ನೂರಕ್ಕೂ ಹೆಚ್ಚು ವರ್ಷ ಭೂಮಿ ಬಗೆದು ಚಿನ್ನ ತೆಗೆದು, 2001ರಲ್ಲಿ ಗಣಿ ಮುಚ್ಚಿದಾಗ, ಚಿನ್ನ ತೊಟ್ಟವರ ಮನೆಯಲ್ಲಿ ಯಾರೂ ಉಪವಾಸ ಬೀಳಲಿಲ್ಲ.

ದಸರೆಯ ರಜೆಯಲ್ಲಿ ಹುಡುಗ ಊರಿಗೆ ಕರೆದ. ಹೋದೆ. ಗವಿಗೆ ಹೋಗಲಿಲ್ಲ, ನೋಡಬೇಕೆಂಬ ನನ್ನ ಚಪಲವೂ ಆ ಬಾವಲಿಗೆ ಒಂದು ಉಪದ್ರವವೇ ಎಂದು ಅಷ್ಟರಲ್ಲಿ ತಿಳಿದಿತ್ತು. ಸಂಜೆ ಕೆರೆಯ ಏರಿಯ ಮೇಲೆ ಹುಡುಗನ ತಂದೆಯೊಡನೆ ಕುಳಿತಿದ್ದೆ. ಬೆರಳ ತುದಿಗಳು ಕಲ್ಲಿನಷ್ಟೇ ಗಟ್ಟಿಯಾಗಿದ್ದ ಮನುಷ್ಯ. ಹತ್ತಿರದ ಕೆಲಸ ನಿಂತ ಮೇಲೆ ದೂರದ ಕ್ವಾರಿಗೆ ಬೆಳಗಿನ ಜಾವವೇ ಎದ್ದು ಹೋಗುತ್ತಾರೆ. ಬಸ್ಸಿನ ಚಾರ್ಜು ಕೈಯಿಂದ. ನಾನು ನನ್ನ ಓಲೆಗರಿಯ ಹೋಲಿಕೆಯನ್ನು ಅವರಿಗೆ ಹೇಳಿದೆ. ತಾಳ್ಮೆಯಿಂದ ಕೇಳಿದರು.

“ಒಪ್ಪಬೇಕಾದ ಮಾತೇ ಸ್ವಾಮಿ” ಎಂದರು. “ಕಲ್ಲೊಳಗಿನ ಕಪ್ಪೇನ ದೇವರು ನೋಡ್ಕೋತಾನೆ ಅಂತಾರೆ. ಬಾವಲೀನ ಬೆಂಗಳೂರೋರು ನೋಡ್ಕೋತಾರೆ. ನಮ್ಮನ್ನ?”

ಮೂವತ್ತು ಎಕರೆಗೆ ಬೇಲಿ ಹಾಕಿದಾಗ ಅದರ ಹೊರಗೆ ನಿಂತವರ ಕೂಲಿಯನ್ನೂ ಆ ಬೇಲಿಯ ಖರ್ಚಿನಲ್ಲೇ ಬರೆಯಬೇಕು, ಆ ಖರ್ಚು ಕಲ್ಲು ಕೊಳ್ಳುವ ನಮ್ಮ ಮೇಲೆ ಬೀಳಬೇಕು ಎಂದೆ. ಅವರು ತಲೆಯಾಡಿಸಿದರು, ಒಪ್ಪಿಗೆಯೋ, ಆಗದ ಮಾತೆಂದೋ ತಿಳಿಯಲಿಲ್ಲ. ಕತ್ತಲಾಗುತ್ತಿತ್ತು. ನೀರಿನ ಮೇಲೆ ನಾಲ್ಕೈದು ಪುಟ್ಟ ಬಾವಲಿಗಳು ಸುಳಿದುಹೋದುವು. ಯಾವ ಜಾತಿಯೋ! ಹುಡುಗನಿಗೂ ಗೊತ್ತಾಗಲಿಲ್ಲ.

ಏಳುವ ಮುಂಚೆ ನನ್ನ ಮೊಬೈಲಿನಲ್ಲಿದ್ದ ಅಡುಗೆಮನೆಯ ಚಿತ್ರವನ್ನು ಅವರಿಗೆ ತೋರಿಸಿದೆ. ಕಟ್ಟೆಯ ಕಲ್ಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. “ಇದು ನಮ್ಮ ಸೀಮೇದಲ್ಲ ಸ್ವಾಮಿ. ಈ ಕರೀಕಲ್ಲು ಚಾಮರಾಜನಗರದ ಕಡೇದು” ಎಂದರು. ನನ್ನ ಎದೆಯ ಮೇಲಿನ ಭಾರವೊಂದು ಇಳಿದ ಹಾಗಾಯಿತು. ಮುಖದಲ್ಲಿ ಅದು ಕಂಡಿರಬೇಕು. ಅವರು ಮೊಬೈಲನ್ನು ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಡುತ್ತ ಕೇಳಿದರು:

“ಯಾಕೆ ಸ್ವಾಮಿ, ಆ ಕಡೆ ಗವಿ ಇಲ್ಲವಾ?”